ಮಲಗುವ ಹೊತ್ತಿನ ಗಿಟಾರ್

"ನುಡಿಸಿ ಮೇಡಂ, ಹೆದರ್ಕೋಬೇಡಿ. ಮುಟ್ಟಿದ್ರೆ ಮುರಿದುಹೋಗಲ್ಲ," ಎಂದ ಅಂಗಡಿಯವನು.

ಅವಳು ಆಗಲೇ ಅರ್ಧ ನಿಮಿಷದಿಂದ ನುಡಿಸುತ್ತಿದ್ದಳು.

ಪಕ್ಕದಲ್ಲಿ ನಿಂತಿದ್ದ ಅವಳಣ್ಣ ಗೊಳ್ಳೆಂದು ನಕ್ಕುಬಿಟ್ಟ. "ಅವಳು ನುಡಿಸೋದೇ ಹಾಗೆ ಸ್ವಾಮಿ. ನುಡಿಸ್ತಾ ಇದಾಳೆ ಅಂತ ಗಿಟಾರ್‌ಗೇ ಗೊತ್ತಾಗಲ್ಲ." ಅವಳಿಗೂ ನಗು ಬಂತು, ಕಿವಿ ಮಾತ್ರ ಬಿಸಿಯಾಯಿತು. ಎತ್ತರದ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿದ್ದ ದೊಡ್ಡ ಗಿಟಾರನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಗೋಡೆಯ ತುಂಬ ಸಾಲಾಗಿ ತೂಗುಬಿದ್ದ ಗಿಟಾರುಗಳನ್ನು ಮತ್ತೊಮ್ಮೆ ನೋಡಿದಳು. ಬೆಳಿಗ್ಗೆ ಐದಕ್ಕೇ ಎಚ್ಚರವಾಗಿತ್ತು. ಉಗುರು ಎರಡೆರಡು ಸಲ ಕತ್ತರಿಸಿಕೊಂಡಿದ್ದಳು. ಬಾಗಿಲು ತೆಗೆಯುವ ಮೊದಲೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕಾದಿದ್ದಳು. ನಲವತ್ತಾರು ವರ್ಷಕ್ಕೆ ಇದೆಲ್ಲ ಸ್ವಲ್ಪ ಅತಿಯಾಯಿತು ಎಂದು ಅವಳಿಗೇ ಗೊತ್ತಿತ್ತು, ಆದರೆ ಏನು ಮಾಡುವುದು, ಎದೆ ಕೇಳಬೇಕಲ್ಲ.

ಈವರೆಗೆ ಅವಳ ಕೈಗೆ ಬಂದ ಮೂರು ಗಿಟಾರುಗಳೂ ಅಣ್ಣ ಬಿಟ್ಟವೇ. ಅವನು ಹೊಸದು ಕೊಂಡಾಗಲೆಲ್ಲ ಹಳೆಯದು ತಂಗಿಯ ಪಾಲಿಗೆ, ಅವನ ಹಳೆ ಸೈಕಲ್ಲು, ಹಳೆ ಸ್ವೆಟರು ಬಂದ ಹಾಗೆಯೇ. ಕಲಿತದ್ದೂ ಅವನಿಂದಲೇ, ಅಂದರೆ ಅವನು ಗೆಳೆಯರೊಂದಿಗೆ ಅಭ್ಯಾಸ ಮಾಡುವಾಗ ಬಾಗಿಲ ಸಂದಿಯಿಂದ ನೋಡಿ. ಅಣ್ಣ ಈಗ ದೊಡ್ಡ ಹೋಟೆಲೊಂದರ ವಾದ್ಯತಂಡದಲ್ಲಿ ನುಡಿಸುತ್ತಾನೆ. ಇವಳು ಕೆಲಸಕ್ಕೆ ಹೋಗುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಶಿಶುವಿಹಾರದಲ್ಲಿ ಹದಿನೆಂಟು ವರ್ಷದಿಂದ ಟೀಚರ್. ಮಧ್ಯಾಹ್ನ ಹನ್ನೆರಡೂವರೆಗೆ ಅಲ್ಲಿ ಇಪ್ಪತ್ತೆರಡು ಚಾಪೆ ಹಾಸುತ್ತಾರೆ. ನಡುವೆ ಕೂತು ಇವಳು ಗಿಟಾರ್ ನುಡಿಸುತ್ತಾಳೆ, ಮಕ್ಕಳು ಮಲಗುತ್ತವೆ. ಅಣ್ಣನಿಗೆ ಇದೊಂದು ತಮಾಷೆ. "ಕೇಳೋರೆಲ್ಲ ನಿದ್ದೆ ಹೋಗ್ತಾರೆ ಅಂತ ಹೇಳಿಕೊಳ್ಳೋ ಕಲಾವಿದೆ ನೀನೊಬ್ಬಳೇ ಕಣೇ," ಎನ್ನುತ್ತಾನೆ.

ಕಳೆದ ಮಂಗಳವಾರ ಮೂರನೆಯ ಗಿಟಾರೂ ಕೈಕೊಟ್ಟಿತು. ತಂತಿಗಳನ್ನು ಹಿಡಿದುಕೊಳ್ಳುವ ಮರದ ಪಟ್ಟಿ ಟಪ್ಪೆಂದು ಕಿತ್ತು ಬಂತು. ಅಂದಿನಿಂದ ಮಕ್ಕಳಲ್ಲಿ ಒಂದೂ ನೆಟ್ಟಗೆ ಮಲಗಿಲ್ಲ. ಟೀಚರುಗಳು ನಿಂತುಕೊಂಡೇ ಊಟ ಮಾಡುತ್ತಿದ್ದಾರೆ, ಒಬ್ಬಳಂತೂ ಆಟಿಕೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು. ಶಿಶುವಿಹಾರದ ಮುಖ್ಯಸ್ಥೆಯೇ ಕರೆದು ಹೇಳಿದ್ದರು: "ಅರ್ಧ ದಿನ ರಜ ತಗೋ, ಒಳ್ಳೆ ಗಿಟಾರ್ ನೋಡ್ಕೊಂಡು ಬಾ. ಆದ್ರೆ ಹನ್ನೆರಡೂವರೆಗೆ ನೀನು ಇಲ್ಲಿರ್ಬೇಕು ತಾಯಿ, ಕೈ ಮುಗೀತೀನಿ." ಈ ಸಲ ಯಾರೋ ಬಿಟ್ಟದ್ದು ಬೇಡ, ನನ್ನದೇ ಒಂದು ಕೊಳ್ಳುತ್ತೇನೆ ಎಂದು ಅವಳೂ ನಿಶ್ಚಯಿಸಿದ್ದಳು. ಆದರೂ ಅಣ್ಣನಿಗೆ ಫೋನ್ ಮಾಡದೆ ಇರಲಾಗಲಿಲ್ಲ.

"ಕೊಡು ಇಲ್ಲಿ," ಎಂದು ಅಣ್ಣ ದೊಡ್ಡ ಗಿಟಾರನ್ನು ತೆಗೆದುಕೊಂಡ. ಜೇಬಿನಿಂದ ಪಿಕ್, ಅಂದರೆ ತಂತಿ ಮೀಟುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ, ತೆಗೆದು ಒಂದೇ ಸಲ ಎಲ್ಲ ತಂತಿಗಳ ಮೇಲೆ ಎಳೆದ. ಅಂಗಡಿಯ ಗಾಜು ಝಲ್ಲೆಂದಿತು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ನಿಂತು ಒಳಗೆ ನೋಡಿದರು. ನುಡಿಸುವಾಗ ಅವನ ಬಲಗಾಲು ಯಾವಾಗಲೂ ತಾಳ ಹಾಕುತ್ತಿತ್ತು, ಬೇರೆಯವರು ನುಡಿಸಿದರೂ ಹಾಕುತ್ತಿತ್ತು, ಸ್ವಲ್ಪ ಮುಂದೆ ಮುಂದೆ, ಬಾ ಬಾ ಎಂದು ಎಳೆದುಕೊಂಡು ಹೋಗುವಂತೆ. "ನೋಡು, ಇದು ಸದ್ದು ಅಂದ್ರೆ! ಹೊಟ್ಟೆ ದೊಡ್ಡದು, ಮುಂದಿನ ಹಲಗೆ ಗಟ್ಟಿ, ಎಷ್ಟು ಬಾರಿಸಿದ್ರೂ ತಡ್ಕೊಳ್ಳತ್ತೆ. ಇದನ್ನೇ ತಗೋ ಪುಟ್ಟಿ, ಕಣ್ಣು ಮುಚ್ಕೊಂಡು ತಗೋ."

ನಿಜಕ್ಕೂ ಚೆನ್ನಾಗಿತ್ತು. ಅಣ್ಣ ನುಡಿಸಿದರೆ ಯಾವ ಗಿಟಾರೂ ಚೆನ್ನಾಗಿಯೇ ಕೇಳಿಸುತ್ತಿತ್ತು, ಅದೇ ತೊಂದರೆ. ಹೂಂ ಎನ್ನಲು ಅವಳು ಬಾಯಿ ತೆರೆದಳು.

"ಮೇಡಂ, ನಿಮ್ಮ ಕೈ ತೋರಿಸಿ," ಎಂದ ಅಂಗಡಿಯವನು.

ಅವನು ಸಣಕಲು ಮನುಷ್ಯ. ಕನ್ನಡಕದ ಒಂದು ಕಡ್ಡಿಗೆ ಗಿಟಾರಿನ ಹಳೆ ತಂತಿ ಸುತ್ತಿಕೊಂಡಿದ್ದ. ಅವಳ ಬಲಗೈ ಬೆರಳುಗಳನ್ನು, ಶಾಸ್ತ್ರ ಹೇಳುವವನಂತೆ, ಬೆಳಕಿಗೆ ತಿರುಗಿಸಿ ನೋಡಿದ. "ಉಗುರೇ ಇಲ್ವಲ್ಲ."

"ಬಿಡೋ ಹಾಗಿಲ್ಲ. ಚಿಕ್ಕ ಮಕ್ಕಳು, ಪರಚಿದ್ರೆ ಕಷ್ಟ."

"ಅಂದ್ರೆ ಬರೀ ಬೆರಳ ತುದಿಯಲ್ಲಿ ನುಡಿಸ್ತೀರಿ. ಪಿಕ್?"

"ಒಂದಿತ್ತು. ಒಬ್ಬಳು ಬಾಯಿಗೆ ಹಾಕ್ಕೊಂಡ್ಲು. ಆಮೇಲೆ ಬೇಡ ಅಂತ ಬಿಟ್ಟೆ."

"ಕೂತು ನುಡಿಸೋದಾ, ನಿಂತಾ?"

ಅವಳು ಅಣ್ಣನ ಕಡೆ ಒಮ್ಮೆ ನೋಡಿದಳು. "ನೆಲದ ಮೇಲೆ. ಚಕ್ಕಂಬಕ್ಕಳ ಹಾಕ್ಕೊಂಡು."

"ಹಾಗಾದ್ರೆ ಸ್ಟೂಲಿನ ಮೇಲೆ ಯಾಕೆ ಕೂತಿದೀರಿ? ಕೂತ್ಕೊಳ್ಳಿ, ನೆಲದ ಮೇಲೇ ಕೂತ್ಕೊಳ್ಳಿ."

"ಅಯ್ಯೋ, ಇಲ್ಲಿ ಅಂಗಡೀಲಿ ಎಲ್ಲಾ..." ಎಂದು ಅಣ್ಣ ರಾಗ ಎಳೆಯುವಷ್ಟರಲ್ಲಿ ಅವಳು ಚಪ್ಪಲಿ ಬಿಟ್ಟು ಕೂತೇಬಿಟ್ಟಿದ್ದಳು. ದೊಡ್ಡ ಗಿಟಾರನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಅದರ ಹೊಟ್ಟೆ ಅವಳ ಬಲತೋಳನ್ನು ಕಿವಿಯ ಮಟ್ಟಕ್ಕೆ ಎತ್ತಿತು. ಅಣ್ಣ ಬಿಟ್ಟ ಗಿಟಾರುಗಳೂ ಇಷ್ಟೇ ದೊಡ್ಡವು. ಇಷ್ಟು ದಿನ ಹೆಗಲು ನೋಯುತ್ತಿದ್ದುದು ವಯಸ್ಸಿಗೆ ಎಂದುಕೊಂಡಿದ್ದಳು.

ಅಂಗಡಿಯವನು ಮೂಲೆಯಿಂದ ಒಂದು ಚಿಕ್ಕ ಗಿಟಾರ್ ತಂದುಕೊಟ್ಟ. ಸೊಂಟ ಸಣ್ಣದು, ಬಣ್ಣ ಜೇನಿನದು, ಹೊಳಪು ಹೆಚ್ಚಿಲ್ಲ. "ಇದರ ಮುಂದಿನ ಹಲಗೆ ದೇವದಾರು. ಮೆತ್ತನೆ ಮರ, ತೆಳುವಾಗಿ ಕೆತ್ತಿದಾರೆ. ಬಾರಿಸೋರಿಗೆ ಇದು ಆಗಲ್ಲ, ಜೋರು ಮಾಡಿದ್ರೆ ಗೊಗ್ಗರು ಗೊಗ್ಗರಾಗತ್ತೆ. ಮುಟ್ಟಿದ್ರೆ ಸಾಕು ಅನ್ನೋರಿಗೆ ಇದು."

ಅವಳು ಹೆಬ್ಬೆರಳಿಂದ ದಪ್ಪ ತಂತಿಯನ್ನು ಮುಟ್ಟಿದಳು. ಅಷ್ಟೇ, ಮುಟ್ಟಿದಳು. ಸ್ವರ ಮೊದಲು ಪಕ್ಕೆಲುಬಿಗೆ ತಾಗಿ, ಆಮೇಲೆ ಕಿವಿಗೆ ಬಂತು. ಗುಂಡಗೆ, ಬೆಚ್ಚಗೆ, ಕೋಣೆಯ ತುದಿಯವರೆಗೆ ಹೋಗಿ ನಿಂತಿತು. ಇಷ್ಟು ವರ್ಷ ತಾನು ನುಡಿಸುವಾಗ ಮನಸ್ಸಿನಲ್ಲಿ ಕೇಳುತ್ತಿದ್ದದ್ದು ಇದೇ, ಹೊರಗೆ ಬರುತ್ತಿದ್ದದ್ದು ಬೇರೆ. ಅವಳಿಗೆ ಎದ್ದು ಕುಣಿಯಬೇಕೆನ್ನಿಸಿತು. ಬದಲಿಗೆ ಅದೇ ತಂತಿಯನ್ನು ಇನ್ನೊಮ್ಮೆ ಮುಟ್ಟಿದಳು.

"ಆಟದ ಸಾಮಾನಿದ್ದ ಹಾಗಿದೆ," ಎಂದ ಅಣ್ಣ. "ಜೀವಮಾನದಲ್ಲಿ ಒಂದ್ಸಲ ಒಳ್ಳೇದು ತಗೋತಾ ಇದೀಯ. ನಾಳೆ ನಾಲ್ಕು ಜನರ ಮುಂದೆ ನುಡಿಸೋಕೆ ಕರೆದ್ರೆ?"

"ನನ್ನನ್ನ ಯಾರು ಕರೀತಾರೆ ಅಣ್ಣ?"

"ಇದನ್ನ ತಗೊಂಡ್ರೆ ಖಂಡಿತ ಯಾರೂ ಕರಿಯಲ್ಲ."

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ತಂಗಿಯ ಕೈಗೆ ಕೊನೆಗೂ ಒಂದು ದೊಡ್ಡ ವಾದ್ಯ ಬರಲಿ, ಅವಳೂ ನಾಲ್ಕು ಜನಕ್ಕೆ ಕೇಳಿಸಲಿ ಎಂಬ ಆಸೆ ಅವನಿಗೆ ನಿಜವಾಗಿಯೇ ಇತ್ತು. ಅದು ಗೊತ್ತಿದ್ದುದರಿಂದಲೇ ಅವಳಿಗೆ ಇಲ್ಲ ಎನ್ನುವುದು ಕಷ್ಟವಾಯಿತು. ಮನಸ್ಸು ಆಗಲೇ ನಿಶ್ಚಯಿಸಿತ್ತು, ನಾಲಗೆ ಏಳಲಿಲ್ಲ. ಗಡಿಯಾರ ಹನ್ನೆರಡು ತೋರಿಸುತ್ತಿತ್ತು.

ಅಂಗಡಿಯವನು ಇಬ್ಬರ ಮುಖವನ್ನೂ ನೋಡಿದ. "ಸಾರ್ ನಮಗೆ ಇಪ್ಪತ್ತು ವರ್ಷದ ಪರಿಚಯ. ಎರಡೂ ತಗೊಂಡು ಹೋಗಿ. ಮೇಡಂ ದಿನಾ ಎಲ್ಲಿ ನುಡಿಸ್ತಾರೋ ಅಲ್ಲೇ ನುಡಿಸಿ ನೋಡಲಿ. ಬೇಡದ್ದನ್ನ ನಾಲ್ಕು ಗಂಟೆಯೊಳಗೆ ವಾಪಸ್ ತಂದುಬಿಡಿ."

ಸ್ಕೂಟರಿನಲ್ಲಿ ಹೋಗುವಾಗ ಅವಳ ಬೆನ್ನಿಗೆ ದೊಡ್ಡ ಗಿಟಾರು, ಅಣ್ಣನಿಗೂ ಅವಳಿಗೂ ನಡುವೆ ಚಿಕ್ಕದು. ಎದುರುಗಾಳಿಗೆ ದೊಡ್ಡ ಪೆಟ್ಟಿಗೆ ಅವಳನ್ನು ಹಿಂದಕ್ಕೆ ಜಗ್ಗುತ್ತಿತ್ತು. "ನಿಧಾನ ಅಣ್ಣ!" ಎಂದು ಅವಳು ಕೂಗಿದಳು. "ಹನ್ನೆರಡೂವರೆ ಅಂದಿದ್ದು ನೀನೇ!" ಎಂದು ಅವನು ಇನ್ನೂ ಜೋರು ಮಾಡಿದ. ಒಂದು ತಿರುವಿನಲ್ಲಿ ಇಬ್ಬರಿಗೂ ಒಟ್ಟಿಗೆ ನಗು ಬಂದು, ದಾರಿಯುದ್ದಕ್ಕೂ ನಿಲ್ಲಲಿಲ್ಲ.

ಶಿಶುವಿಹಾರದ ಬಾಗಿಲಲ್ಲಿ ಟೀಚರುಗಳೆಲ್ಲ ನಿಂತಿದ್ದರು, ಆಂಬುಲೆನ್ಸಿಗೆ ಕಾಯುವವರಂತೆ. ಒಳಗೆ ಇಪ್ಪತ್ತೆರಡು ಚಾಪೆ, ಇಪ್ಪತ್ತೊಂದು ಮಕ್ಕಳು. ನೆಗಡಿಯೆಂದು ಒಬ್ಬ ಬಂದಿರಲಿಲ್ಲ. ಕಿಟಕಿಯ ಪಕ್ಕದ ಚಾಪೆಯ ಮೇಲೆ, ಎಲ್ಲರಿಗಿಂತ ಕೊನೆಗೆ ಮಲಗುವ ನಾಲ್ಕು ವರ್ಷದ ಹುಡುಗಿ. ಬಾಯಿ ತೆರೆದರೆ ಪ್ರಶ್ನೆಯೇ ಬರುತ್ತಿದ್ದುದರಿಂದ ಅವಳಿಗೆ ಟೀಚರುಗಳು ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದರು.

"ಎರಡು ಯಾಕೆ? ಈ ಮಾಮ ಯಾರು? ಮಾಮನಿಗೆ ಮಲಗೋಕೆ ಚಾಪೆ ಎಲ್ಲಿ?"

"ಮೊದಲು ದೊಡ್ಡದು," ಎಂದ ಅಣ್ಣ, ತನ್ನ ಪಿಕ್ಕನ್ನು ತಂಗಿಯ ಕೈಗೆ ತುರುಕಿ. "ಬಿಡುಗೈಯಿಂದ ನುಡಿಸು. ನಾಚ್ಕೋಬೇಡ."

ಅವಳು ಬಿಡುಗೈಯಿಂದ ನುಡಿಸಿದಳು. ಮೊದಲ ಎಳೆತಕ್ಕೆ ಐದು ತಲೆ ಎದ್ದವು. ಎರಡನೆಯದಕ್ಕೆ ಒಂದು ಇಡೀ ಸಾಲು ಎದ್ದು ಕೂತಿತು. ಅಣ್ಣನ ಕಾಲು ತಾಳ ಹಾಕತೊಡಗಿದ್ದೇ ತಡ, ಒಬ್ಬ ದಿಂಬನ್ನು ತಲೆಯ ಮೇಲಿಟ್ಟುಕೊಂಡು ಕುಣಿಯಲು ಶುರುಮಾಡಿದ, ಉಳಿದವರಿಗೆ ಅಷ್ಟು ಸಾಕಾಯಿತು. ಎರಡು ನಿಮಿಷದಲ್ಲಿ ಚಾಪೆ ಯಾವುದು, ಮಗು ಯಾವುದು ಗೊತ್ತಾಗದಂತಾಯಿತು. ಅಣ್ಣ ಮಕ್ಕಳ ನಡುವೆ ನಿಂತು ಚಪ್ಪಾಳೆ ತಟ್ಟುತ್ತಿದ್ದ. ಬಾಗಿಲಲ್ಲಿ ಮುಖ್ಯಸ್ಥೆಯ ಮುಖ ಕಾಣಿಸಿತು. ಕೈಯಲ್ಲಿ ತಟ್ಟೆಯಿತ್ತು, ತುತ್ತು ಬಾಯಿಯ ಹತ್ತಿರವೇ ನಿಂತಿತ್ತು.

"ನೋಡಿದ್ಯಾ? ಜನ ಹುಚ್ಚೆದ್ದು ಹೋದ್ರು!" ಎಂದ ಅಣ್ಣ, ಏದುಸಿರು ಬಿಡುತ್ತ.

"ನೋಡಿದೆ ಅಣ್ಣ," ಎಂದಳು ಅವಳು. ಪಿಕ್ಕನ್ನು ಅವನ ಜೇಬಿಗೆ ವಾಪಸು ಹಾಕಿದಳು. ದೊಡ್ಡ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಬಾಗಿಲ ಬಳಿ, ಮಕ್ಕಳ ಚಪ್ಪಲಿಗಳ ಸಾಲಿನ ಪಕ್ಕಕ್ಕೆ ಒರಗಿಸಿದಳು. ಆಮೇಲೆ, ಈ ಸಲ ನಾಲಗೆ ಏನೂ ತಡವರಿಸದೆ, ಹೇಳಿದಳು: "ಅದು ನಿನ್ನ ಗಿಟಾರ್. ತುಂಬಾ ಚೆನ್ನಾಗಿದೆ. ನಾನು ಇದನ್ನ ತಗೋತೀನಿ."

"ಇನ್ನೂ ನುಡಿಸೇ ಇಲ್ಲ!"

"ಈಗ ನುಡಿಸ್ತೀನಿ. ಕೂತ್ಕೋ."

"ಸರಿ. ನಾನು ಕಣ್ಣು ಮುಚ್ಕೊಂಡು ಕೇಳ್ತೀನಿ. ಸದ್ದು ಸರಿಯಾಗಿ ಗೊತ್ತಾಗೋದು ಹಾಗೇನೇ." ಅವನು ನೆಗಡಿಯ ಹುಡುಗನ ಚಾಪೆಯ ಮೇಲೆ, ಮೊಣಕಾಲಿಂದ ಕೆಳಗೆಲ್ಲ ಹೊರಗೆ ಚಾಚಿ, ಪರೀಕ್ಷಕನ ಗತ್ತಿನಲ್ಲಿ ಮಲಗಿದ. ಪ್ರಶ್ನೆಪತ್ರಿಕೆ ಬಂದು ಅವನನ್ನು ಹತ್ತಿರದಿಂದ ನೋಡಿ ಹೋದಳು.

ತಂಗಿ ನೆಲದ ಮೇಲೆ ಕೂತಳು. ಚಿಕ್ಕ ಗಿಟಾರು ಮಡಿಲಲ್ಲಿ ಜಾಗ ಹುಡುಕಲೇ ಇಲ್ಲ, ಸುಮ್ಮನೆ ಕೂತುಕೊಂಡಿತು. ಹೆಗಲು ತನ್ನ ಜಾಗದಲ್ಲೇ ಇತ್ತು. ಹೆಬ್ಬೆರಳು ಕೆಳಗೆ ನಡೆಯುತ್ತ ಹೋಯಿತು, ಮೇಲೆ ಎರಡು ಬೆರಳು ಅದಕ್ಕೆ ಉತ್ತರ ಕೊಡುತ್ತ ಹೋದವು. ಅವಳೇ ಕಟ್ಟಿಕೊಂಡ, ಹೆಸರಿಲ್ಲದ, ಎಲ್ಲಿ ಬೇಕಾದರೂ ತಿರುಗಿ ಶುರುವಾಗುವ ರಾಗ. ದಿಂಬಿನ ಹುಡುಗ ದಿಂಬಿನ ಸಮೇತ ಕುಸಿದ. ಗೋಡೆಯ ಕಡೆಯ ಸಾಲು ಒಂದೊಂದಾಗಿ ಅಡ್ಡಾಯಿತು. ಅವಳು ಇನ್ನೂ ಮೆಲ್ಲಗೆ ಮಾಡಿದಳು, ಆದರೂ ಪ್ರತಿ ಸ್ವರವೂ ಮೂಲೆಯವರೆಗೆ ಹೋಗಿ ಮುಟ್ಟುತ್ತಿತ್ತು. ಇಷ್ಟು ಮೆಲ್ಲಗೆ ಇಷ್ಟು ದೂರ ಹೋಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಖುಷಿಗೆ ಅವಳ ಕಣ್ಣು ತುಂಬಿತು, ಬೆರಳು ತಪ್ಪಲಿಲ್ಲ.

ಅಣ್ಣನ ಕಾಲು ಆಗಲೇ ಶುರುವಾಗಿತ್ತು. ಎಂದಿನಂತೆ ಸ್ವಲ್ಪ ಮುಂದೆ, ಬಾ ಬಾ ಎನ್ನುತ್ತ. ಅವಳು ಹೋಗಲಿಲ್ಲ. ತನ್ನ ನಡಿಗೆಯಲ್ಲೇ ನುಡಿಸಿದಳು. ಸ್ವಲ್ಪ ಹೊತ್ತಿಗೆ ಆ ಕಾಲು ಅನುಮಾನಿಸಿತು, ಒಂದು ತಾಳ ಬಿಟ್ಟಿತು, ಮತ್ತೆ ಹಿಡಿದಾಗ ಅವಳ ಜೊತೆಗೇ ಇತ್ತು. ಬಾಗಿಲ ಆಚೆ ಟೀಚರುಗಳು ಕೂತು ಊಟ ಮಾಡುವ ಸದ್ದು, ಚಮಚ ತಟ್ಟೆಗೆ ತಾಗುವ ಸದ್ದು ಕೇಳಿಬಂತು.

"ಟೀಚರ್," ಎಂದು ಪ್ರಶ್ನೆಪತ್ರಿಕೆ ಪಿಸುಗುಟ್ಟಿದಳು. "ಮಾಮ ಮಲಗಿಬಿಟ್ರಾ?"

ಅವಳು ನುಡಿಸುತ್ತಲೇ, ಮೆಲ್ಲಗೆ ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಹುಡುಗಿ ಎದ್ದು, ಬಾತುಕೋಳಿಗಳಿದ್ದ ತನ್ನ ಹೊದಿಕೆಯನ್ನು ಎಳೆದುಕೊಂಡು ಬಂದು ಅವನ ಮೇಲೆ ಹಾಸಿದಳು. ಅದು ಅವನ ಎದೆಯಿಂದ ಹೊಟ್ಟೆಯವರೆಗೆ ಮಾತ್ರ ಬಂತು. ಆಮೇಲೆ ತನ್ನ ಚಾಪೆಗೆ ಹೋಗಿ, ಇನ್ನೇನೂ ಕೇಳದೆ, ಗೋಡೆಯ ಕಡೆ ತಿರುಗಿದಳು.

ಎಲ್ಲರೂ ಮಲಗಿದ್ದರು. ಅವಳು ರಾಗವನ್ನು ಮತ್ತೆ ಮೊದಲಿನಿಂದ ತೆಗೆದುಕೊಂಡಳು. ಚಾಪೆಯಾಚೆ, ಚಪ್ಪಲಿಗಳ ಕಡೆಗೆ ಚಾಚಿದ್ದ ಅಣ್ಣನ ಪಾದ ಅವಳ ಹೆಬ್ಬೆರಳಿನ ಜೊತೆ ಒಮ್ಮೆ ಅಲುಗಿತು, ತಡೆದು ಇನ್ನೊಮ್ಮೆ ಅಲುಗಿತು, ಆಮೇಲೆ ಮೆಲ್ಲಗೆ ಪಕ್ಕಕ್ಕೆ ವಾಲಿ ನಿಂತಿತು.