ನಬಿಸಾಬರ ಎರೆಭೂತ

ನಬಿಸಾಬರನ್ನು ಕಂಡರೆ ಮನುಷ್ಯರ ಮಕ್ಕಳು ಓಡುತ್ತಿದ್ದವು, ಹಕ್ಕಿಗಳು ಓಡುತ್ತಿರಲಿಲ್ಲ. ಅವರ ನೌಕರಿಯೇ ಅಂಥದು. ನಿಜಾಮ ಸರಕಾರದಲ್ಲಿ ದೇವಿ ಹಾಕುವವರಾಗಿ, ಅಂದರೆ ಸಿಡುಬು ಬಾರದಂತೆ ಕೂಸುಗಳ ರಟ್ಟೆ ಗೀರಿ ಮದ್ದು ಹಚ್ಚುವವರಾಗಿ, ಅವರು ಕಮಲಾಪುರದ ಸುತ್ತಿನ ಹಳ್ಳಿಗಳನ್ನು ಇಪ್ಪತ್ತು ವರ್ಷ ಕಾಲ್ನಡಿಗೆಯಲ್ಲಿ ಸುತ್ತಿದ್ದರು. ಆ ಖಾಕಿ ಕೋಟು ಊರ ಅಗಸೆಯಲ್ಲಿ ಕಾಣಿಸಿತೆಂದರೆ ತಾಯಂದಿರು ಕೂಸುಗಳನ್ನು ಜೋಳದ ಚೀಲಗಳ ಹಿಂದೆ ಅಡಗಿಸುವರು, ಕಾಲು ಬಂದ ಮಕ್ಕಳು ಹೊಲದ ದಾರಿ ಹಿಡಿಯುವರು. ಅದೇ ಕೋಟು ಊರು ದಾಟಿ ಬೀಳುನೆಲಕ್ಕೆ ಬಂದಾಗ ನೆಲಗುಬ್ಬಿಗಳು ನಾಲ್ಕು ಹೆಜ್ಜೆ ಸರಿದು ದಾರಿ ಬಿಟ್ಟು, ಅವರು ಮುಂದೆ ಹೋದ ಮೇಲೆ ಮತ್ತೆ ಅಲ್ಲಿಯೇ ಬಂದು ಕೂರುತ್ತಿದ್ದವು.

ನಾನು ಕಮಲಾಪುರದ ಶಾಲೆಗೆ ಮಾಸ್ತರನಾಗಿ ಹೋದದ್ದು ಸಾವಿರದ ಒಂಬೈನೂರ ನಲವತ್ತೈದರಲ್ಲಿ. ಮೊದಲ ವಾರವೇ ಈ ಮನುಷ್ಯನ ನಡಿಗೆ ನನ್ನ ಕಣ್ಣಿಗೆ ಬಿತ್ತು. ನೀಳವಾದ ಒಣಕಲು ದೇಹ, ಕತ್ತರಿಸಿದ ನರೆಗಡ್ಡ, ಮಂಡಿ ತುಸು ಬಾಗಿಸಿ ನೀರಿನಲ್ಲಿ ನಡೆದಂತೆ ಹಾಕುವ ಹೆಜ್ಜೆ. ಯಾವುದರ ಕಡೆಗೂ ಅವರು ನೇರವಾಗಿ ನಡೆದವರಲ್ಲ. ನನ್ನ ಮನೆ ಎದುರಿಗೇ ಇದ್ದರೂ ಬೇವಿನ ಮರವನ್ನು ಬಳಸಿ, ಗೋಡೆಯ ಮಗ್ಗುಲು ಹಿಡಿದು, ಇನ್ನೆಲ್ಲಿಗೋ ಹೊರಟವರ ಹಾಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಯಾಕೆ ಹೀಗೆ ಎಂದು ಒಮ್ಮೆ ಚೇಷ್ಟೆ ಮಾಡಿದ್ದಕ್ಕೆ, "ಸೀದಾ ಬರೋದು ಹಸದ ಜಾನವಾರದ ಲಕ್ಷಣರೀ ಮಾಸ್ತರ. ಸೀದಾ ಬಂದ್ರ ಎದುರಿನವ್ರಿಗಿ ಅಂಜಿಕಿ ಬರ್ತದ," ಎಂದರು.

ಕೋಟಿನ ಕಥೆ ಬೇರೆಯೇ ಇದೆ. ಅದರ ಹಿತ್ತಾಳೆಯ ಗುಂಡಿಗಳನ್ನು ಹುಣಿಸೆಹಣ್ಣು ಹಚ್ಚಿ ತಿಕ್ಕುವುದು ಸರಕಾರಿ ನೌಕರನಾಗಿ ಅವರ ಧರ್ಮ. ಹೊಲಕ್ಕೆ ಬಂದ ಕೂಡಲೇ ಆ ಗುಂಡಿಗಳು ಬಿಸಿಲಿಗೆ ಮಿಂಚಬಾರದೆಂದು ಕೋಟನ್ನೇ ಒಳಹೊರಗು ಮಾಡಿ ತೊಡುವುದು ಹಕ್ಕಿಗಳ ವಿಷಯದಲ್ಲಿ ಅವರ ಧರ್ಮ. ಈ ಎರಡು ಧರ್ಮಗಳ ನಡುವೆ ಕೋಟು ದಿನಕ್ಕೆ ನಾಲ್ಕು ಸಲ ಮಗುಚುತ್ತಿತ್ತು. ಇನ್ನೊಂದು ಹಟವೆಂದರೆ ಹಕ್ಕಿಗೆ ಎಂದೂ ಬೆರಳು ತೋರಿಸುತ್ತಿರಲಿಲ್ಲ. ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆಂದು ನಮ್ಮ ಹೆಂಗಸರು ಹೇಳುವುದಿಲ್ಲವೇ, ಆ ಮಾತನ್ನು ಅವರು ರೆಕ್ಕೆ ಇರುವ ಸಮಸ್ತಕ್ಕೂ ವಿಸ್ತರಿಸಿದ್ದರು. ಗದ್ದ ತುಸು ಎತ್ತಿ ಕಣ್ಣು ಆ ಕಡೆ ಹೊರಳಿಸಿದರೆ ನಾವೇ ತಿಳಿದುಕೊಳ್ಳಬೇಕು.

ಅವರ ಜೊತೆ ನಡೆಯತೊಡಗಿದ ಮೇಲೆ ನನಗೆ ವರ್ಷವೆಂಬುದು ತಿಂಗಳುಗಳಿಂದಲ್ಲ, ಹಕ್ಕಿಗಳಿಂದ ಆಗಿದೆ ಎಂದು ಗೊತ್ತಾಯಿತು. ದೀಪಾವಳಿಯ ಹಿಂದು ಮುಂದು ಉತ್ತರದಿಂದ ಕ್ರೌಂಚಗಳು ಸಾಲುಗಟ್ಟಿ ಬಂದು ಕಡಲೆಯ ಹೊಲಗಳಲ್ಲಿ ಇಳಿಯುವವು. ಬಿಳಿಜೋಳ ಹಾಲು ತುಂಬುವಾಗ ಗುಲಾಬಿ ಮೈಯ ತಿಲ್ಯರ್ ಹಕ್ಕಿಗಳ ಮೋಡವೇ ಕವಿದು, ರೈತರು ಅಟ್ಟಣಿಗೆ ಏರಿ ಕವಣೆ ಬೀಸುವರು. ಬೇಸಿಗೆಯಲ್ಲಿ ಮುತ್ತುಗದ ಬರಿಗೊಂಬೆಗಳಲ್ಲಿ ಹೂವಿಗೂ ಗೊರವಂಕಗಳಿಗೂ ಜಗಳ. ಮೊದಲ ಮಳೆಗೆ ನಾಲ್ಕು ದಿನ ಮುಂಚೆ ಜುಟ್ಟಿನ ಚಾತಕ ಬಂದು ಕೂಗಿತೆಂದರೆ ನಬಿಸಾಬರು ಊರೊಳಗೆ ಬಂದು "ಕೂರಿಗಿ ತಯಾರ ಇಟ್ಕೋರಿ" ಎನ್ನುತ್ತಿದ್ದರು. ರೈತರು ಪಂಚಾಂಗವನ್ನು ಕೇಳಿದರೂ ಅವರ ಮಾತನ್ನು ಮೀರುತ್ತಿರಲಿಲ್ಲ. ತಿಂಗಳಿಗೊಮ್ಮೆ ಮದ್ದಿನ ಗಾಜುಕೊಳವೆಗಳನ್ನು ತರಲು ಕಲಬುರಗಿಗೆ ಹೋದಾಗ, ಸ್ಟೇಶನ್ ಬಜಾರದಲ್ಲಿ ಕಮಲಾಪುರದ ತನಕ ಟಿಕೀಟು ತೆಗೆಸಿ, ಅರ್ಧದಾರಿಯಲ್ಲಿ ಬಸ್ಸು ನಿಲ್ಲಿಸಿ ಇಳಿದುಬಿಡುವರು. ಕೊಳವೆಗಳಿಗೆ ಒದ್ದೆ ಬಟ್ಟೆ ಸುತ್ತಿ ಎದೆಯ ಜೇಬಿಗಿಟ್ಟು ಉಳಿದ ದಾರಿಯನ್ನೆಲ್ಲ ನಡೆಯುವರು. ಅವರು ಇಳಿಯುವ ಆ ಜಾಗದಲ್ಲಿಯೇ ಎರೆಭೂತ ಇತ್ತು.

ಎರೆಭೂತ ನಮ್ಮ ಕಪ್ಪು ಮಣ್ಣಿನ ಬಯಲಿನ ಹಕ್ಕಿ. ಗಂಡು ನಿಂತರೆ ಮನುಷ್ಯನ ಸೊಂಟ ಮುಟ್ಟುತ್ತದೆ, ತೂಕ ಒಂದು ಕುರಿಮರಿಯಷ್ಟು. ಗುಡ್ಡಕ್ಕೆ ತಾಗಿದ ಆ ಬೀಳಿನಲ್ಲಿ ಒಂದು ಜೋಡಿ ಪ್ರತಿ ಮಳೆಗಾಲ ಬಂದು ನೆಲದ ಮೇಲೆಯೇ ಒಂದು, ಒಂದೇ ಮೊಟ್ಟೆ ಇಡುತ್ತಿತ್ತು. ಇನ್ನೂರು ಹೆಜ್ಜೆ ದೂರದಲ್ಲಿ ಮನುಷ್ಯನನ್ನು ಕಂಡರೂ ಹಾರಿಹೋಗುವ ಇಂಥ ಹಕ್ಕಿಯ ಹತ್ತಿರ ಹೋಗುವ ಉಪಾಯವನ್ನು ನಬಿಸಾಬರು ವರ್ಷಗಟ್ಟಲೆ ನೋಡಿ ನೋಡಿ ಕಂಡುಕೊಂಡಿದ್ದರು. ಅದು ಎತ್ತಿನ ಬಂಡಿ. ಬಂಡಿಯನ್ನು ಎರೆಭೂತ ಹೊಲದ ಒಂದು ಭಾಗವೆಂದೇ ತಿಳಿದಿತ್ತು. ಕಮಲಾಪುರದ ಧರ್ಮಣ್ಣ ತನ್ನ ಬಂಡಿ ಹೊಡೆಯುವನು. ನಾವಿಬ್ಬರು ಎತ್ತಿನ ಆಚೆ ಮಗ್ಗುಲಲ್ಲಿ ತಲೆ ತಗ್ಗಿಸಿ ನಡೆಯುವೆವು. ಬಂಡಿ ಎಲ್ಲಿಯೂ ನಿಲ್ಲದೆ ಸುತ್ತು ಹಾಕುತ್ತ, ಸುತ್ತನ್ನು ಕಿರಿದು ಮಾಡುತ್ತ ಹೋಗಬೇಕು. ಹಾಗೆ ಒಂದು ಆಷಾಢದ ಮುಂಜಾನೆ ಮೂವತ್ತು ಹೆಜ್ಜೆಯಿಂದ ನಾನು ಅದರ ಕುಣಿತ ನೋಡಿದೆ. ಬಾಲವನ್ನು ಬೆನ್ನ ಮೇಲೆ ಮಡಿಚಿ, ಕೊರಳ ಚೀಲವನ್ನು ಉಬ್ಬಿಸಿ ಬಿಳಿಯ ಧೋತರ ಇಳಿಬಿಟ್ಟಂತೆ ಕಾಲಿನ ತನಕ ಇಳಿಸಿ, ಅದು ಬಾವಿಯ ತಳದಿಂದ ಯಾರೋ ಹೂಂಗುಟ್ಟಿದ ಹಾಗೆ ಕೂಗಿತು. ನಬಿಸಾಬರ ಕಣ್ಣಲ್ಲಿ ನೀರಿತ್ತು. "ಬಂಡಿ ತನ್ನ ಮನಿದೇ ಅಂತ ತಿಳದದರೀ ಅದು. ಈ ಮಾತು ನಿಮ್ಮ ಹೊಟ್ಯಾಗ ಇರಲಿ," ಎಂದು ಮಾತ್ರ ಹೇಳಿದರು. ನಾನು ಇರುತ್ತದೆ ಎಂದೆ.

ನಲವತ್ತೇಳರ ಮಳೆಗಾಲದಲ್ಲಿ ಹೈದರಾಬಾದಿನ ಯಾರೋ ದೊಡ್ಡ ಮನುಷ್ಯರ ಶಿಕಾರಿ ತಂಡ ಬಂದು ಊರ ಹೊರಗಿನ ಸರಕಾರಿ ಬಂಗಲೆಯಲ್ಲಿ ಬೀಡುಬಿಟ್ಟಿತು. ಎರೆಭೂತದ ಮಾಂಸದ ರುಚಿ ಅವರ ದಸ್ತರಖಾನೆಗಳಲ್ಲಿ ಪ್ರಸಿದ್ಧವಾಗಿತ್ತು. ಬೀಳುನೆಲ ಬಲ್ಲವರು ಯಾರೆಂದು ಕೇಳಿದಾಗ ಊರವರು ನಬಿಸಾಬರ ಹೆಸರು ಹೇಳಿದರು. ಇವರು ಎರಡು ದಿನ ಆ ತಂಡವನ್ನು ಬಿಸಿಲಲ್ಲಿ, ಕೆಸರಲ್ಲಿ ತದ್ವಿರುದ್ಧ ದಿಕ್ಕಿಗೆ ಅಲೆಸಿ, ಸಿಕ್ಕಲಿಲ್ಲವೆಂದು ಕೈಮುಗಿದು ಬಂದರು. ಅಂದಿನಿಂದ ಅವರು ಜೊತೆಗೆ ನಡೆಯುವವರ ಎಡಕ್ಕೇ ನಡೆಯತೊಡಗಿದರು, ಮಾತಾಡಿಸಿದರೆ ಮುಖವನ್ನು ಅಡ್ಡ ಹೊರಳಿಸತೊಡಗಿದರು. ವಯಸ್ಸಾಯಿತೆಂದು ನಾನು ನಕ್ಕಿದ್ದೂ ಉಂಟು. ಕಾರಣ ತಿಳಿಸಿದವರು ಅವರ ಹೆಂಡತಿ ಶಾಹಜಾದಿ.

"ಮೋಸ ಮಾಡಿದಿ ಅಂತ ಕಪಾಳಕ್ಕ ಹೊಡದಾರ್ರೀ ಮಾಸ್ತರ. ಮನಿಗಿ ಬಂದು ಕುಂತ್ರು. ನಾ ಎಡಕ ನಿಂತು ಕರದ್ರ ಓ ಅನಲಿಲ್ಲ. ಆವಾಗ ನನಗ ಗೊತ್ತಾತು. ಒಂದು ಹಕ್ಕಿ ಸಲುವಾಗಿ ಕಿವಿ ಕೊಟ್ಟು ಬಂದಾರ."

ಹಕ್ಕಿಗಳನ್ನು ಕಣ್ಣಿಗಿಂತ ಮೊದಲು ಕಿವಿಯಿಂದ ಕಾಣುತ್ತಿದ್ದ ಮನುಷ್ಯ ಅವರು. ಅರ್ಧ ಆಕಾಶವನ್ನು ಕೊಟ್ಟುಬಂದಿದ್ದರು, ನನ್ನ ಮುಂದೆ ಒಂದು ಮಾತೂ ಆಡಿರಲಿಲ್ಲ.

ಮರುವರ್ಷ ಭಾದ್ರಪದದಲ್ಲಿ ಪೊಲೀಸ್ ಕಾರ್ಯಾಚರಣೆಯಾಯಿತು. ಐದು ದಿನಗಳಲ್ಲಿ ನಿಜಾಮರ ಆಳಿಕೆ ಹೋಯಿತು, ರಜಾಕಾರರ ಹೆದರಿಕೆ ಹೋಯಿತು. ಆದರೆ ಹೆದರಿಕೆ ಎಂಬುದು ಪೂರ್ತಿ ಹೋಗದೆ ಮನೆ ಬದಲಿಸಿತು, ಮುಸಲ್ಮಾನರ ಮನೆ ಹೊಕ್ಕಿತು. ನಬಿಸಾಬರು ಎರಡು ತಿಂಗಳು ಹೊಸ್ತಿಲು ದಾಟಲಿಲ್ಲ. ಧರ್ಮಣ್ಣ ಅವರ ಕಟ್ಟೆಯ ಮೇಲೆ ಕೊಡಲಿ ಇಟ್ಟುಕೊಂಡು ಕೂತು ಬೀಡಿ ಸೇದುತ್ತಿದ್ದ. ನಾನು ಜೋಳದ ಹಿಟ್ಟು ಮುಟ್ಟಿಸಿ ಬರುತ್ತಿದ್ದೆ. ಆ ವರ್ಷ ಕ್ರೌಂಚಗಳು ಬಂದದ್ದನ್ನು ಅವರು ಅಂಗಳದಲ್ಲಿ ನಿಂತು, ಬಲಗಿವಿಯನ್ನು ಮೇಲಕ್ಕೆ ಮಾಡಿ ಕೇಳಿದರಂತೆ. ನೌಕರಿ ಉಳಿಯಿತು. ಕೋಟಿನ ಹಳೆಯ ಸರಕಾರದ ಗುಂಡಿಗಳು ಹೋಗಿ ದಾರದ ಗಂಟುಗಳು ಬಂದವು.

ಇನ್ನು ನನ್ನ ಮಾತು. ನಲವತ್ತೊಂಬತ್ತರ ಬೇಸಿಗೆಯಲ್ಲಿ ಮುಂಬಯಿ ಪ್ರಾಂತದಿಂದ ಒಬ್ಬ ಹೊಸ ಅಧಿಕಾರಿ ಬಂದರು. ಮೃದುಭಾಷಿ, ಮಾಸ್ತರನಿಗೂ ಕುರ್ಚಿ ಕೊಡುವವರು, ಶಾಲೆಯಲ್ಲಿ ಮಕ್ಕಳು ಕನ್ನಡದಲ್ಲಿ ಪಾಠ ಒಪ್ಪಿಸಿದ್ದು ಕೇಳಿ ಚಪ್ಪಾಳೆ ತಟ್ಟಿದವರು. ಅವರ ಜೀಪಿನಲ್ಲಿ ಬಣ್ಣದ ಚಿತ್ರಗಳ ದಪ್ಪನೆಯ ಹಕ್ಕಿಪುಸ್ತಕವಿತ್ತು. ಪುಟ ಮಗುಚುತ್ತ ಎರೆಭೂತದ ಚಿತ್ರ ಬಂದಾಗ ನನ್ನ ಕೈ ತಾನಾಗಿ ಅದರ ಮೇಲೆ ಹೋಯಿತು. ಪುಸ್ತಕ ಇಟ್ಟುಕೊಂಡವರು ಕೊಲ್ಲುವುದಿಲ್ಲ ಎಂಬುದು ನಮ್ಮ ಮಾಸ್ತರಿಕೆಯ ಮೂಢನಂಬಿಕೆ. ಇದು ಇಲ್ಲಿದೆ ಎಂದೆ. ಕಂಡುಹಿಡಿದವರು ನಬಿಸಾಬರೆಂಬ ಸಜ್ಜನರು ಎಂದೂ ಹೇಳಿದೆ, ಅಂಥ ದಿನಗಳಲ್ಲಿ ಅಧಿಕಾರಿಯ ಕಿವಿಗೆ ಅವರ ಒಳ್ಳೆಯ ಹೆಸರು ಬಿದ್ದರೆ ಅವರಿಗೆ ನೆರಳಾದೀತೆಂದು. ಇದು ಅರ್ಧ ನಿಜ. ಉಳಿದರ್ಧ ಏನೆಂದರೆ, ಜೀಪಿನ ಮುಂದಿನ ಸೀಟಿನಲ್ಲಿ ಕೂತು ಕಮಲಾಪುರದ ಸಂತೆಯ ನಡುವೆ ಹಾದುಹೋಗುವ ಆಸೆ.

ಮಳೆ ಬಿದ್ದ ಮೇಲೆ ನಬಿಸಾಬರು ದೂರದ ಹಳ್ಳಿಗಳಿಗೆ ಹೋಗಿದ್ದಾಗ ನಾನೂ ಅಧಿಕಾರಿ ಸಾಹೇಬರೂ ಜೀಪಿನಲ್ಲಿ ಹೋದೆವು. ಗಂಡುಹಕ್ಕಿ ಅರ್ಧ ಮೈಲಿಯಿಂದಲೇ ಎದ್ದು ಹಾರಿತು. ಸಾಹೇಬರ ಮುಖ ಬಾಡಿತು. "ಇಷ್ಟು ದೂರ ಬಂದೂ ನಮ್ಮ ಭಾಗ್ಯದಲ್ಲಿಲ್ಲ ಮಾಸ್ತರರೇ," ಎಂದರು. ಮನೆಗೆ ಬಂದ ಅತಿಥಿ ಅರೆಹೊಟ್ಟೆಯಲ್ಲಿ ಎದ್ದುಹೋದರೆ ಆಗುವಂಥ ಸಂಕಟ ನನಗಾಯಿತು. ಬಂಡಿಯಲ್ಲಿ ಹೋದರೆ ಹಾರುವುದಿಲ್ಲ ಎಂದುಬಿಟ್ಟೆ.

ಮರುದಿನ ಮುಂಜಾನೆ ಧರ್ಮಣ್ಣನ ಬಂಡಿ ಹೂಡಿಸಿದೆ. ಸಾಹೇಬರ ಅಪ್ಪಣೆ ಎಂದ ಮೇಲೆ ಅವನು ಎದುರಾಡಲಿಲ್ಲ, ನಬಿಸಾಬರಿಗೂ ಗೊತ್ತಿದೆಯೆಂದು ತಿಳಿದಿದ್ದ. ಬಂಡಿಯೊಳಗೆ ಸಾಹೇಬರ ಪಕ್ಕದಲ್ಲಿ ಕಂಬಳಿಯಲ್ಲಿ ಸುತ್ತಿದ್ದ ಬಂದೂಕನ್ನು ನಾನು ನೋಡಿದೆ. ಹಾವು ಗೀವು ಇರುತ್ತವೆಂದು ತಂದಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಸುತ್ತು ಕಿರಿದಾಗುತ್ತ ಬಂತು. ಹಕ್ಕಿ ಒಮ್ಮೆ ಬಂಡಿಯ ಕಡೆ ನೋಡಿ, ಮತ್ತೆ ಕೊರಳು ಉಬ್ಬಿಸಿತು. ನಾನು ಬೆರಳು ಮಾಡಿ ತೋರಿಸಿದೆ. ಕಂಬಳಿ ಸರಿಯಿತು. ಗುಂಡಿನ ಸದ್ದಿಗೆ ಎತ್ತುಗಳು ಬೆದರಿದವು, ಹಕ್ಕಿ ಮಾತ್ರ ಬೆದರುವುದಕ್ಕೆ ಸಮಯವೇ ಇಲ್ಲದೆ ಬಿತ್ತು.

ಬೇಟೆಯ ಜಾಗ ಹೇಳಿಕೊಟ್ಟವನಿಗೆ ಬೇಟೆಯಲ್ಲಿ ಒಂದು ಹಿಸ್ಸೆ ಕಳಿಸುವುದು ನಮ್ಮ ಕಡೆಯ ಹಳೆಯ ರಿವಾಜು. ಸಾಹೇಬರು ಉದಾರಿಗಳು. ನಾನು ಮಾಂಸ ತಿನ್ನುವವನಲ್ಲವೆಂದು ತಿಳಿದು, ನಾನೇ ಹೇಳಿದ್ದ ಹೆಸರನ್ನು ನೆನಪಿಟ್ಟು, ಮುತ್ತುಗದ ಎಲೆಯಲ್ಲಿ ಕಟ್ಟಿದ ಒಂದು ತೊಡೆಯನ್ನು ಜವಾನನ ಕೈಯಲ್ಲಿ ನಬಿಸಾಬರ ಮನೆಗೆ ಕಳಿಸಿದರು. ಹಳ್ಳಿಯಿಂದ ಆಗಷ್ಟೇ ಬಂದಿದ್ದ ಅವರು ಗಂಟು ಬಿಚ್ಚಿ ನೋಡಿದರಂತೆ. ಅದನ್ನು ಹಿತ್ತಿಲಲ್ಲಿ ಕೈಯಿಂದಲೇ ಕುಣಿ ತೋಡಿ ಹೂಳಿದರಂತೆ. ಸಂಜೆ ನನ್ನ ಮನೆಗೆ ಬಂದರು. ಅಂದು ಬೇವಿನ ಮರ ಬಳಸದೆ ನೇರವಾಗಿ ಬಂದರು.

"ಬಂಡಿ ಯಾರದಿತ್ರೀ?" ಎಂದು ಕೇಳಿದರು.

"ಧರ್ಮಣ್ಣಂದು," ಎಂದೆ.

"ಹೌದು. ಅವನ ಎತ್ತಿನ ಗೆಜ್ಜಿ ಅದಕ್ಕ ಗುರ್ತಿತ್ತು," ಎಂದು ತಿರುಗಿ ಹೋದರು. ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ.

ಆಮೇಲೆ ಏಳು ವರ್ಷ ಅವರು ನನ್ನ ಜೊತೆ ಚಹಾ ಕುಡಿದರು, ರಮಜಾನಿಗೆ ಸುರಕುಂಬಾ ಪಾಯಸ ಕಳಿಸಿದರು, ನನ್ನ ಮಗಳ ರಟ್ಟೆಗೆ ದೇವಿ ಹಾಕಿ ಅವಳು ಅತ್ತದ್ದಕ್ಕೆ ಬೆಲ್ಲ ಕೊಟ್ಟರು. ಜೊತೆಗೆ ನಡೆದದ್ದೂ ಉಂಟು; ಆದರೆ ಆ ನಡಿಗೆಗಳಲ್ಲಿ ನನಗೆ ಕಾಣಿಸಿದ್ದು ಕಾಗೆ, ಗುಬ್ಬಿ, ಎಲ್ಲರೂ ಕಾಣುವಂಥವು ಮಾತ್ರ. ಎಲ್ಲಿ ಹೋದವು ಹಕ್ಕಿಗಳೆಂದರೆ "ಕಾಲ ಬದಲಾತಲ್ರೀ" ಎನ್ನುವರು. ಹೈದರಾಬಾದ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದ ವರ್ಷ ಅವರು ತೀರಿಕೊಂಡರು. ದಫನಿನಿಂದ ಮರಳುವಾಗ ಧರ್ಮಣ್ಣ ನನ್ನ ಜೊತೆಯಲ್ಲಿದ್ದ.

"ಹೆಣ್ಣು ಉಳದಿತ್ತರೀ ಮಾಸ್ತರ," ಎಂದ ಅವನು. "ಆ ವರ್ಷಾನೇ ಮರಿ ಮಾಡಿತ್ತು. ಗುಡ್ಡದ ಆಚಿ ಕಡಿ ಹೋಗ್ಯಾವ. ಪ್ರತಿ ಮಳಿಗಾಲ ನಾನೂ ಅವರೂ ಹೋಗಿ ನೋಡಿ ಬರ್ತಿದ್ದಿವಿ. ನಿಮಗ ಹೇಳಬ್ಯಾಡ ಅಂದಿದ್ರು."

ಬಂಡಿ ಹೊಡೆದವನನ್ನು ಅವರು ಕ್ಷಮಿಸಿದ್ದರು. ನನ್ನನ್ನೂ ಕ್ಷಮಿಸಿದ್ದರೆಂದೇ ತೋರುತ್ತದೆ, ನಂಬಲಿಲ್ಲ ಅಷ್ಟೆ. ಅವರಿಗೆ ನೋವು ಕೊಟ್ಟವರು ನನಗಿಂತ ಕ್ರೂರಿಗಳಿದ್ದರು, ಆದರೆ ಭಯಕ್ಕೆ ಅವರು ಬಿಡದ ಗುಟ್ಟನ್ನು ನಾನು ಸಂತೋಷಕ್ಕೆ ಬಿಟ್ಟಿದ್ದೆ. ಕಂಡದ್ದನ್ನು ನಾಲ್ಕು ಜನಕ್ಕೆ ಹೇಳಿದ ಹೊರತು ಕಂಡಂತೆ ಆಗುವುದಿಲ್ಲ ಎನ್ನುವವರು ಲೋಕದಲ್ಲಿ ಬಹಳ. ಓದಿದವರಲ್ಲಿ ಇನ್ನೂ ಬಹಳ. ಕಂಡು, ಪ್ರೀತಿಸಿ, ಪೆಟ್ಟು ತಿಂದು, ಸುಮ್ಮನಿರಬಲ್ಲವರು ಅಲ್ಲೊಬ್ಬರು ಇಲ್ಲೊಬ್ಬರು. ಬಯಲಿನಲ್ಲಿ ಏನಾದರೂ ಉಳಿದಿದ್ದರೆ ಅಂಥವರು ಬಾಯಿ ಮುಚ್ಚಿಕೊಂಡಿದ್ದರಿಂದ ಉಳಿದಿದೆ, ಅವರ ಹೆಸರು ಯಾವ ಪುಸ್ತಕದಲ್ಲಿಯೂ ಬರುವುದಿಲ್ಲ. ಗುಡ್ಡದ ಆಚೆ ಎಂದರೆ ಎಲ್ಲಿ ಎಂದು ಧರ್ಮಣ್ಣನನ್ನು ಕೇಳಬೇಕೆಂದು ಅಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ, ಗೊತ್ತಾದರೆ ಯಾರಿಗಾದರೂ ಹೇಳಿಯೇನೆಂದು ನನಗೆ ನನ್ನದೇ ಭಯವಾಯಿತು.