ದೊರೆಯ ಹುಟ್ಟುಹಬ್ಬದ ನಗಾರಿ

ನಾನೊಂದು ತಾಮ್ರದ ನಗಾರಿ. ಮುನ್ನೂರು ವರ್ಷಗಳ ಹಿಂದೆ ಜರ್ಮನ್ ಸೀಮೆಯ ಒಂದು ಸಣ್ಣ ಸಂಸ್ಥಾನದಲ್ಲಿ ಹುಟ್ಟಿದೆ. ತಾಮ್ರವನ್ನು ಬಡಿದು ಬಡಿದು ದೊಡ್ಡ ಬಾಣಲೆಯಂತೆ ಮಾಡಿದರು. ಬಾಯಿಗೆ ಎಳೆಗರುವಿನ ಚರ್ಮ ಬಿಗಿದರು. ಆಮೇಲೆ ಅರಮನೆಯ ಇಗರ್ಜಿಗೆ ಹೊತ್ತೊಯ್ದು, ಹಾಡುವವರ ಹಿಂದೆ, ತುತ್ತೂರಿಗಳ ಪಕ್ಕ ಕೂರಿಸಿದರು.

ಅಲ್ಲಿ ಸಂಗೀತದ ಮೇಷ್ಟ್ರು ಲೊರೆಂಟ್ಸ್. ದೊರೆ ಯುದ್ಧ ಗೆದ್ದರೆ, ದೊರೆಗೆ ಮಗು ಹುಟ್ಟಿದರೆ, ಹೊಸ ಮೇಳಗಾನ ಬರೆಯುವುದು ಅವನ ಕೆಲಸ. ಹೆಂಡತಿ ಸತ್ತವನು. ಮಗಳು ಅಗಾಥಾ ಮೇಳದಲ್ಲಿ ಹಾಡುತ್ತಿದ್ದಳು. ಅಭ್ಯಾಸ ಮುಗಿದ ಮೇಲೆ ನನ್ನ ಅಂಚಿಗೆ ಒರಗಿ, ಅಪ್ಪನ ಗತ್ತನ್ನು ಅಣಕಿಸಿ ಅವನನ್ನೇ ನಗಿಸುತ್ತಿದ್ದಳು.

ದೊರೆಯ ಐವತ್ತನೆಯ ಹುಟ್ಟುಹಬ್ಬಕ್ಕೆಂದು ಲೊರೆಂಟ್ಸ್ ಬಹಳ ಸಂಭ್ರಮದ ಮೇಳಗಾನವೊಂದನ್ನು ಬರೆದ. ಅದೇ ವಾರ ಅಗಾಥಾಳಿಗೆ ಗಂಟಲು ಬಾತು ಜ್ವರ ಏರಿತು. ಹಬ್ಬದ ಬೆಳಿಗ್ಗೆ ಹುಡುಗಿ ತೀರಿಕೊಂಡಳು.

ಇಗರ್ಜಿಯ ಬಾಗಿಲಲ್ಲಿ ಲೊರೆಂಟ್ಸ್ ದಿವಾನರ ಕಾಲು ಹಿಡಿದ. "ಸ್ವಾಮಿ, ಇವತ್ತೊಂದು ದಿನ ಬಿಟ್ಟುಬಿಡಿ. ಮಗಳನ್ನು ಮಣ್ಣು ಮಾಡಬೇಕು."

"ಪ್ರಭುಗಳ ಹುಟ್ಟುಹಬ್ಬದ ದಿನ ಇಲ್ಲಿ ಯಾರೂ ಸಾಯುವುದಿಲ್ಲ, ಮೇಷ್ಟ್ರೇ," ಎಂದರು ದಿವಾನರು. "ಮುಖ ತೊಳೆದು ಕೆಂಪು ಕೋಟು ಹಾಕಿಕೊಳ್ಳಿ."

ಹಾಕಿಕೊಂಡ. ಅಗಾಥಾಳ ಜಾಗದಲ್ಲಿ ಬೇರೊಬ್ಬಳು ನಿಂತಿದ್ದಳು. ಅವನು ಕೈ ಎತ್ತಿದ, ನನ್ನ ಮೇಲೆ ಏಟು ಬಿತ್ತು, ಇಗರ್ಜಿಯೆಲ್ಲ ಹಿಗ್ಗಿನಿಂದ ಗುಡುಗಿತು. ಮುಗಿದಾಗ ದೊರೆ, "ಕೊನೆಯ ಭಾಗ ಇನ್ನೊಂದು ಸಲ ಆಗಲಿ," ಎಂದ. ಆಯಿತು. "ಇನ್ನು ಮೇಲೆ ಪ್ರತಿ ವರ್ಷ ಇದೇ ದಿನ ಇದನ್ನೇ ಹಾಡಬೇಕು," ಎಂದ.

ವರ್ಷ ವರ್ಷವೂ ಹಾಡಿದರು. ಪ್ರತಿ ಸಲವೂ, ಮಗಳು ಸತ್ತ ದಿನದಂದೇ, ಲೊರೆಂಟ್ಸ್ ಕೆಂಪು ಕೋಟು ತೊಟ್ಟು ಹಿಗ್ಗನ್ನು ನಡೆಸಿಕೊಟ್ಟ. ಕೂದಲು ಬೆಳ್ಳಗಾಯಿತು. ಒಂದು ಸಲವೂ ಅವನು ಅತ್ತದ್ದನ್ನು ನಾನು ಕಾಣಲಿಲ್ಲ.

ಕೊನೆಗೆ ದೊರೆ ಸತ್ತ. ಸಂಸ್ಥಾನವೆಲ್ಲ ಶೋಕ ಆಚರಿಸಬೇಕು, ಕಪ್ಪು ತೊಡದವರಿಗೆ ಚಾಟಿ ಏಟು ಎಂದು ಡಂಗುರ ಸಾರಿದರು. ನನ್ನ ಮೇಲೂ ಕಪ್ಪು ಬಟ್ಟೆ ಹೊದಿಸಿದರು. ಶೋಕಗೀತೆಯ ನಡುವೆ ಲೊರೆಂಟ್ಸ್ ಕೈ ಕೆಳಗಿಳಿಸಿ, ನೆಲದ ಮೇಲೆ ಕುಸಿದು, ಗೋಳೋ ಎಂದು ಅತ್ತ. ಹಾಡು ನಿಂತುಹೋಯಿತು. ದಿವಾನರು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. "ನೋಡಿ ಪ್ರಭು, ಒಡೆಯರ ಮೇಲೆ ಎಂಥ ನಿಷ್ಠೆ," ಎಂದರು ಹೊಸ ದೊರೆಗೆ. ಹೊಸ ದೊರೆ ತನ್ನ ಬಂಗಾರದ ಸರ ತೆಗೆದು ಹಿಡಿದ. ಲೊರೆಂಟ್ಸ್ ಕತ್ತು ಬಗ್ಗಿಸಿ ಹಾಕಿಸಿಕೊಂಡ. ಆ ಚಳಿಗಾಲದಲ್ಲೇ ತೀರಿಹೋದ.

ನನ್ನ ಚರ್ಮ ಹರಿದು ಎಷ್ಟೋ ಕಾಲವಾಯಿತು. ನೆಲಮಾಳಿಗೆಯಲ್ಲಿದ್ದೇನೆ, ಅಡುಗೆಯವರು ಕೆಲವು ವರ್ಷ ನನ್ನಲ್ಲಿ ಗೆಡ್ಡೆ ತುಂಬಿಡುತ್ತಿದ್ದರು, ಈಗ ಅದೂ ಇಲ್ಲ. ಒಂದು ಮಾತು ಮಾತ್ರ ಇವತ್ತಿಗೂ ನನಗೆ ಬಗೆಹರಿದಿಲ್ಲ. ಅವನು ಕತ್ತು ಬಗ್ಗಿಸಿದ್ದು ಭಯಕ್ಕೋ, ಅಥವಾ ಅಷ್ಟು ವರ್ಷಗಳಲ್ಲಿ ಮೊದಲ ಸಲ ಯಾರೋ ಹೆಗಲ ಮೇಲೆ ಕೈಯಿಟ್ಟರಲ್ಲ ಎಂದೋ?