ಐದು ಜನರ ತಂಡ

‘ಸುಳ್ಳು ಹೇಳಿದ್ದೇನೆ, ಅದೂ ನೀಟಾಗಿ ಟೈಪ್ ಮಾಡಿ’ ಎಂದು ಡೈರಿಯಲ್ಲಿ ಬರೆದವಳೇ ಪುಟವನ್ನು ಅಂಗೈಯಿಂದ ಮುಚ್ಚಿದಳು. ಆ ಕೋಣೆಯಲ್ಲಿ ಇಣುಕಿ ಓದುವವರಾದರೂ ಯಾರಿದ್ದರು?

ಕೈ ನಡುಗುವವರಿಗೆಂದು ಅವಳೊಂದು ಲೋಟ ಮಾಡಿದ್ದಳು. ಎಷ್ಟು ನಡುಗಿದರೂ ಹನಿ ಚೆಲ್ಲದು. ಅಂಥವನ್ನು ನೂರಾರು ಎರಕ ಹೊಯ್ಯುವ ಅಚ್ಚು ಮಾಡಿಸಲು ಸರ್ಕಾರದ ಧನಸಹಾಯ ಬೇಕಿತ್ತು. ಅರ್ಜಿ ಎರಡು ಸಲ ಹೋದ ದಾರಿಯಲ್ಲೇ ವಾಪಸು ಬಂದಿತ್ತು. ಮೂರನೆಯದನ್ನು ತಿದ್ದಲು ಕೂತದ್ದು, ಊರವರ ಅರ್ಜಿಗಳನ್ನೆಲ್ಲ ಬರೆದುಕೊಡುವ ಸೋದರಮಾವ.

“ಅಲ್ವೇ ಮೌನಗೌರಿ, ಒಂಟಿ ಹುಡುಗಿನ ನಂಬಿ ಯಾರು ಕೊಡ್ತಾರೆ? ತಂಡ ಅಂತ ಹಾಕು, ಐದು ಜನ. ನಾನು ಸಲಹೆಗಾರ. ನಿಮ್ಮಮ್ಮ ಲೆಕ್ಕಪತ್ರ. ಪಕ್ಕದ್ಮನೆ ಟೈಲರಕ್ಕ ವಿನ್ಯಾಸ.”

“ಇನ್ನೊಬ್ರು ಯಾರು, ಮಾವ?”

“ಹುಟ್ಟಿಸು. ಕಾಗದಕ್ಕೇನು ಹೆರಿಗೆ ನೋವಾ?”

ಹುಟ್ಟಿಸಿದಳು: ಪರೀಕ್ಷಾ ವಿಭಾಗದ ಮುಖ್ಯಸ್ಥೆ. ಓದು, ಅನುಭವ, ಎಲ್ಲ ಬರೆದಳು. ಬರೆಯುತ್ತ ಬರೆಯುತ್ತ ಅಕ್ಕರೆ ಬೆಳೆಯಿತು. ಲೋಟವನ್ನು ಇನ್ನೂರು ಸಲ ನಡುಗಿಸಿ, ಚೆಲ್ಲಿತೇ ಇಲ್ಲವೇ ಎಂದು ಗುರುತು ಹಾಕಿಟ್ಟದ್ದು ತಾನೇ ಆದರೂ, ಆ ಪುಟಗಳನ್ನೂ ಆ ಮುಖ್ಯಸ್ಥೆಯ ಹೆಸರಿಗೇ ಸೇರಿಸಿದಳು. ಸಂಜೆ ತನಗೊಂದು, ಆಕೆಗೊಂದು ಎಂದು ಎರಡು ಲೋಟ ಚಹಾ ಬಗ್ಗಿಸುವುದು ರೂಢಿಯಾಯಿತು. ಎರಡನೆಯದು ಕೆನೆಗಟ್ಟಿ ಕೂರುತ್ತಿತ್ತು.

ಅರ್ಜಿ ಕಳಿಸಿದ ಕೆಲವು ವಾರಗಳಿಗೆ ಪರಿಶೀಲನೆಗೆಂದು ಅಧಿಕಾರಿ ಮೇಡಂ ಬಂದರು. ಲೋಟವನ್ನು ತಿರುಗಿಸಿ ನೋಡಿದರು. ನೀರು ತುಂಬಿಸಿ ಅಲ್ಲಾಡಿಸಿದರು. ಮೇಜಿನ ಮೇಲೆ ಒಂದು ಹನಿಯೂ ಬೀಳಲಿಲ್ಲ.

“ನಿಮ್ಮ ಅರ್ಜಿಯಲ್ಲಿ ನನಗೆ ಹಿಡಿಸಿದ್ದು ಆ ಪರೀಕ್ಷೆ ಪುಟಗಳು. ಎಷ್ಟು ತಾಳ್ಮೆ! ಎಲ್ಲಿ ಆಕೆ? ಮಾತಾಡಿಸ್ಬೇಕು.”

“ಪಾಪ, ಜ್ವರ ಮೇಡಂ,” ಮಾವನ ಮಾತು ಅರಳು ಹುರಿದಂತೆ ಸಿಡಿಯಿತು. “ಎದ್ದು ಕೂರೋಕೂ ಆಗ್ತಿಲ್ಲ.”

“ಓ. ಹುಷಾರಾದ್ಮೇಲೆ ಫೋನ್ ಮಾಡಿಸಿ. ಆಕೆ ಜೊತೆ ಮಾತಾಡದೆ ಮಂಜೂರು ಮಾಡೋಕಾಗಲ್ಲ.”

ಮಾವ ಮೇಜಿನಡಿಯಲ್ಲಿ ಅವಳ ಕಾಲು ತುಳಿದರು. ಸುಮ್ಮನಿದ್ದರೆ ಸಾಕಿತ್ತು, ಸುಮ್ಮನಿರುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ದನಿ ಬದಲಿಸಿ ನಾಲ್ಕು ಮಾತು ಫೋನಿನಲ್ಲಿ ಆಡಿದರೆ ಅಚ್ಚು ಕೈಗೆ ಬಂದಂತೆಯೇ.

ಅವಳು ನಿನ್ನೆಯ ಎರಡನೆಯ ಲೋಟದತ್ತ ನೋಡಿದಳು. ತೊಳೆದಿರಲಿಲ್ಲ.

“ಅಂಥವರು ಯಾರೂ ಇಲ್ಲ ಮೇಡಂ,” ಎಂದಳು. “ಇಲ್ಲಿರೋದು ನಾನೊಬ್ಬಳೇ.”